ಸಾಲಿನ ಐದನೆಯವರು

1998ರ ಅಕ್ಟೋಬರ್ 14, ಬುಧವಾರ, ಬೆಳಿಗ್ಗೆ 9.40. ಮಿಸೌರಿಯ ಹಾರ್ಲನ್ ಫೆರಿ ಠಾಣೆಗೆ ದೂರು ಬಂತು. ಊರಿನ ದಾಖಲೆ ಭಂಡಾರದಿಂದ ಹನ್ನೊಂದು ಫೋಟೋಗಳು ಕಾಣೆಯಾಗಿದ್ದವು. ಎಲ್ಲವೂ 1951ರಿಂದ 54ರೊಳಗಿನವು. ಜನರಲ್, ಕರ್ನಲ್, ಸೆನೆಟರುಗಳು ಸಾಲಾಗಿ ನಿಂತು ತೆಗೆಸಿಕೊಂಡಂಥವು. ದೂರುದಾರ ಭಂಡಾರದ ಮುಖ್ಯಸ್ಥ ಆಲ್ಡನ್ ಪ್ರೂಯಿಟ್.

ಹತ್ತೂವರೆಗೆ ಡಿಟೆಕ್ಟಿವ್ ವೇಯ್ನ್ ಕುಚೆರಾ ಪೇದೆ ಲೊರೇನ್ ಟೈನ್ಸ್‌ಳೊಂದಿಗೆ ಅಲ್ಲಿಗೆ ಬಂದ.

"ಹೋಗುವಾಗ ಚೀಲ ನೋಡ್ತೀರಾ?" ಕುಚೆರಾ ಕೇಳಿದ.

"ಎಲ್ಲರದ್ದೂ. ಒಳಗೆ ಪೆನ್ನು ಕೂಡ ಬಿಡಲ್ಲ, ಪೆನ್ಸಿಲ್ ಮಾತ್ರ," ಎಂದ ಪ್ರೂಯಿಟ್.

"ವಾಪಸ್ ಕೊಟ್ಟ ಫೋಟೋ ಎಣಿಸ್ತೀರಾ?"

ಪ್ರೂಯಿಟ್ ರಿಜಿಸ್ಟರ್ ಮುಂದೆ ತಳ್ಳಿದ. "ಫೈಲ್ ಎಣಿಸ್ತೀವಿ."

"ಚೆನ್ನಾಯ್ತು. ಡಬ್ಬಿ ಎಣಿಸಿ ಬಿಸ್ಕತ್ತು ಬಿಟ್ರಿ," ಎಂದಳು ಟೈನ್ಸ್.

ನೆಗೆಟಿವ್‌ಗಳು ಉಳಿದಿದ್ದವು. ಅವುಗಳಿಂದ ಮಾಡಿಸಿದ್ದ ಪ್ರತಿಗಳನ್ನು ಕುಚೆರಾ ಮೇಜಿನ ಮೇಲೆ ಹರಡಿದ. ಕೆಳಗೆ 'ಎಡದಿಂದ ಬಲಕ್ಕೆ' ಎಂದು ಹೆಸರುಗಳಿದ್ದವು. ಒಂದೊಂದು ಹೆಸರಿಗೂ ಬೆರಳಿಟ್ಟು ಮುಖ ಹೊಂದಿಸುತ್ತ ಹೋದ. ನಾಲ್ಕು ಹೆಸರು ಮುಗಿದವು. ಇನ್ನೊಬ್ಬ ಮನುಷ್ಯ ಉಳಿದ. ಬಲತುದಿಯಲ್ಲಿ, ಕಾರಿನ ಬಾಗಿಲು ಹಿಡಿದು ನಿಂತ ಕರಿಯ ಸಾರ್ಜೆಂಟ್. ಹನ್ನೊಂದರಲ್ಲೂ ಐದನೆಯವನು ಅವನೇ.

"ಇವರ ಹೆಸರು?"

"ಡ್ರೈವರ್ ಇರಬೇಕು."

"ನಾನು ಹೆಸರು ಕೇಳಿದ್ದು."

"ಸರ್ಕಾರಿ ದಾಖಲೆ ಇಲ್ಲದೆ ನಾವು ಹೆಸರು ಹಾಕಲ್ಲ."

ಏಳನೆಯ ಫೋಟೋದ ಕೆಳಗೆ ಜನರಲ್‌ನ ನಾಯಿಗೂ ಹೆಸರಿತ್ತು: ಡಚೆಸ್. ಥೂ, ಎಂಥ ಕಣ್ಣು ಇವರದ್ದು! ನಾಲ್ಕು ವರ್ಷ ಇವರನ್ನೆಲ್ಲ ಹೊತ್ತು ತಿರುಗಿಸಿದ ಮನುಷ್ಯ ಮಾತ್ರ ಕಾರಿನ ಚಕ್ರದಷ್ಟೂ ಲೆಕ್ಕಕ್ಕಿಲ್ಲ.

"ನಾಯಿ ಯಾವ ದಾಖಲೆ ತಂದಿತ್ತು ಸಾರ್?" ಎಂದಳು ಟೈನ್ಸ್. ಅವಳ ಅಜ್ಜನೂ ಅದೇ ಸೇನೆಯಲ್ಲಿ ಲಾರಿ ಓಡಿಸಿದವನು.

"ಈ ಸಾರ್ಜೆಂಟ್ ಬಗ್ಗೆ ಯಾರಾದ್ರೂ ವಿಚಾರಿಸಿದ್ರಾ?" ಕುಚೆರಾ ಕೇಳಿದ.

ಮೂರು ಅರ್ಜಿಗಳು ಹೊರಬಂದವು. ಬರೆದವಳು ವರ್ಲೀನ್ ಟಬ್ಸ್, ಅರವತ್ತಾರರ ನಿವೃತ್ತ ಶಿಕ್ಷಕಿ. 'ಇವರು ನನ್ನ ತಂದೆ ಸಾರ್ಜೆಂಟ್ ರಾಸ್ಕೋ ಟಬ್ಸ್. ಸೇನೆಯ ಕಡತ ಬೆಂಕಿಗೆ ಆಹುತಿಯಾಗಿದೆ. ದಯವಿಟ್ಟು ಹೆಸರು ಸೇರಿಸಿ.' ಮೂರರ ಮೇಲೂ 'ತಿರಸ್ಕೃತ' ಎಂಬ ಮುದ್ರೆ.

ಬಾಗಿಲ ಕಾವಲುಗಾರನನ್ನು ಕರೆಸಿದರು.

"ಮಿಸ್ ವರ್ಲೀನಾ? ಪ್ರತಿ ಬುಧವಾರ ಬೈಬಲ್ ಹಿಡ್ಕೊಂಡು ಬರ್ತಾರೆ, ಇಲ್ಲಿಂದ ಸೀದಾ ಚರ್ಚಿಗೆ. ಚೀಲ ನೋಡಿದೀನಿ ಸಾರ್."

"ಕೈಲಿದ್ದ ಬೈಬಲ್?"

"ಅಯ್ಯೋ, ಚರ್ಚಿನ ಹಿರೀಕರ ಬೈಬಲ್ ಬಿಚ್ಚಿ ನೋಡೋದಾ? ನಮ್ಮಮ್ಮ ನನ್ನ ಚರ್ಮ ಸುಲೀತಾಳೆ!"

ಶೋಧನಾ ಆದೇಶ ಪಡೆದು 3.15ಕ್ಕೆ ಅವಳ ಮನೆ ತಲುಪಿದರು. ಒಲೆಯಲ್ಲಿ ಮೆಕ್ಕೆಜೋಳದ ಬ್ರೆಡ್ ಬೇಯುತ್ತಿತ್ತು. ಫೋಟೋಗಳು ಊಟದ ಮೇಜಿನ ಮೇಲೇ ಇದ್ದವು. ಒಂದಕ್ಕೂ ಗೀರು ಬಿದ್ದಿರಲಿಲ್ಲ. ಹಿಂಬದಿಯಲ್ಲಿ ಪೆನ್ಸಿಲ್ ಬರಹ: 'ಐದನೆಯವರು, ಸಾರ್ಜೆಂಟ್ ರಾಸ್ಕೋ ಟಬ್ಸ್.'

"ಯಾಕೆ ತಂದ್ರಿ?" ಕುಚೆರಾ ಕೇಳಿದ.

"ಮೊದಲು ಅಲ್ಲೇ ಕೂತು ಬರೆದೆ. ಪೆನ್ಸಿಲ್ಲಲ್ಲೇ, ಭಂಡಾರದವರ ನಿಯಮದ ಪ್ರಕಾರ. ನನ್ನ ಕಣ್ಣೆದುರೇ ರಬ್ಬರ್ ತಗೊಂಡು ಅಳಿಸಿದ್ರು. ಮೂವತ್ತು ವರ್ಷ ಮಕ್ಕಳ ತಪ್ಪು ನಾನೂ ಅಳಿಸಿದೀನಪ್ಪ. ನಮ್ಮಪ್ಪ ತಪ್ಪಲ್ಲ!"

ಅವಳು ತಂದೆಯ ಕೊರಳಿನ, ಹೆಸರು ಕೆತ್ತಿದ ಸೇನಾ ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು. ಜತೆಗೊಂದು ಹಳೆಯ ಚಾಲನಾ ಪರವಾನಗಿ. ಅದರಲ್ಲಿ ಅದೇ ಹೆಸರು, ಅದೇ ಮುಖ.

"ಇದನ್ನ ಅವರಿಗೆ ತೋರಿಸಲಿಲ್ವಾ?"

"ತೋರಿಸ್ದೆ. ಮನೆ ಸಾಮಾನು ದಾಖಲೆ ಆಗಲ್ಲ ಅಂದ್ರು."

4.05ಕ್ಕೆ ಅವಳನ್ನು ಬಂಧಿಸಲಾಯಿತು. ಟೈನ್ಸ್ ಒಲೆ ಆರಿಸಿ, ಅವಳಿಗೆ ಕೋಟು ತೊಡಿಸಿದಳು. ಬೇಡಿ ಹಾಕಲಿಲ್ಲ.

ಠಾಣೆಯಲ್ಲಿ ಕುಚೆರಾ ಜಪ್ತಿ ಪಟ್ಟಿ ಬರೆಯಲು ಕುಳಿತ. ಪ್ರತಿ ಫೋಟೋದಲ್ಲಿರುವವರನ್ನು ಪಟ್ಟಿಯಲ್ಲಿ ನಮೂದಿಸಬೇಕು. ನ್ಯಾಯಾಲಯಕ್ಕೊಂದು, ದೂರುದಾರನಿಗೊಂದು, ಆರೋಪಿಗೊಂದು ಪ್ರತಿ ಹೋಗಬೇಕು. ಬಿಲ್ಲೆ, ಪರವಾನಗಿಗಳನ್ನು ಪಕ್ಕದಲ್ಲಿಟ್ಟುಕೊಂಡು ಐದನೆಯ ಹೆಸರನ್ನು ಹನ್ನೊಂದು ಸಲ ಬರೆದ. ಪೆನ್ನಿನಲ್ಲಿ. ಸಹಿ ಹಾಕಿ ಠಾಣೆಯ ಮುದ್ರೆ ಒತ್ತಿದ.

"ಈಗ ಇದು ಸರ್ಕಾರಿ ದಾಖಲೆ. ಪ್ರೂಯಿಟ್ ಸಾಹೇಬ್ರಿಗೆ ನಾನೇ ತಲುಪಿಸ್ತೀನಿ," ಎಂದಳು ಟೈನ್ಸ್.

ವರ್ಲೀನ್ ತನ್ನ ಪ್ರತಿಯನ್ನು ಬೆರಳಿಟ್ಟು ಓದಿದಳು. ಏಳನೆಯದರ ಹತ್ತಿರ ಬೆರಳು ನಿಂತಿತು.

"ನಾಯಿ ಹೆಸರು ಬಿಟ್ಟುಹೋಗಿದೆಯಲ್ಲಪ್ಪ?"

"ಜಾಗ ಸಾಲಲಿಲ್ಲ, ಮಿಸ್ ಟಬ್ಸ್," ಎಂದ ಕುಚೆರಾ.