ರಬ್ಬರ್ ಬಟ್ಟಲಿನ ಪ್ಲಾಸ್ಟರ್

ಕಟ್ಟುಹಲ್ಲು ಮಾಡಿಕೊಡುವ ಹಲ್ಲಿನ ಮೇಷ್ಟ್ರು ತಮ್ಮ ಕೆಲಸದ ಮೇಜಿನ ಮೇಲೆ ಕವುಚಿ ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಕಟ್ಟುಹಲ್ಲಿನ ಸೆಟ್ಟು ಬೇಯಿಸುವ ಹಿತ್ತಾಳೆ ಡಬ್ಬಿ ಕಾಲಬುಡದಲ್ಲಿ ರಕ್ತ ಮೆತ್ತಿಕೊಂಡು ಉರುಳಿತ್ತು.

ಮೊದಲು ಕಂಡವನು ಅಳಿಯ. ಹನ್ನೆರಡು ಗಂಟೆಗೆ ಮಾವನನ್ನು ಊಟಕ್ಕೆ ಕರೆಯಲು ಬಂದವನು ಕೂಗಿಕೊಳ್ಳುತ್ತ ಬೀದಿಗೆ ಓಡಿದ. ತಿರುವಿನಲ್ಲಿದ್ದ ಪೇದೆ ಎರಡೇ ನಿಮಿಷದಲ್ಲಿ ಒಳಗಿದ್ದ.

ಇನ್‌ಸ್ಪೆಕ್ಟರ್ ಬಂದಾಗ ಹನ್ನೆರಡೂವರೆ. ಆಕೆಯ ಕಣ್ಣು ಹೋದದ್ದು ಹೆಣದ ಪಕ್ಕದಲ್ಲಿದ್ದ ಹಸಿರು ರಬ್ಬರ್ ಬಟ್ಟಲಿನ ಮೇಲೆ. ಪುಡಿಗೆ ನೀರು ಸೇರಿಸಿ ಕಲಸಿದ ಪ್ಲಾಸ್ಟರ್ ಅದರಲ್ಲೇ ಗಟ್ಟಿಯಾಗಿತ್ತು. ನಡುವೆ ಒಂದು ಗುಳಿ.

"ಇದರಲ್ಲಿ ಬೆರಳಿಟ್ಟಿದ್ದು ಯಾರ್ರೀ?"

ಪೇದೆ ತಲೆ ತಗ್ಗಿಸಿದ. "ನಾನೇ ಮೇಡಂ. ಆಗ ಮೊಸರಿನ ಹಾಗಿತ್ತು. ಈಗ ನೋಡಿ, ಕಲ್ಲು."

ಆಕೆಗೆ ಬೈಯಲು ಮನಸ್ಸಾಗಲಿಲ್ಲ. ಕಲಸಿದ ಹತ್ತು ನಿಮಿಷಕ್ಕೆ ಗಟ್ಟಿಯಾಗುವ ವಸ್ತು ಪೇದೆ ಬಂದಾಗ ಹಸಿಯಾಗಿತ್ತು. ಅಂದರೆ ಹನ್ನೆರಡಕ್ಕೆ ಸ್ವಲ್ಪ ಮುಂಚೆ ಮೇಷ್ಟ್ರು ಬದುಕಿದ್ದರು, ಕೆಲಸ ಮಾಡುತ್ತಿದ್ದರು. ಡಾಕ್ಟರು ಮಾತ್ರ, "ಒಂದೆರಡು ಗಂಟೆ ಆಗಿರಬಹುದು, ಗಡಿಯಾರ ಇಟ್ಟು ಹೇಳಕ್ಕಾಗಲ್ಲ" ಎಂದರು.

ಅಳಿಯ ಕೇಳುವ ಮೊದಲೇ ಹೇಳಿದ. "ಹತ್ತೂವರೆಗೆ ಒಂದ್ಸಲ ಬಂದು ಮಾತಾಡಿಸ್ಕೊಂಡು ಹೋಗಿದ್ದೆ. ಆಮೇಲೆ ಅಂಗಡೀಲೇ ಇದ್ದೆ, ಕೇಳಿ ಬೇಕಾದ್ರೆ."

ಕೇಳಿದ್ದಾಯಿತು. ಅವನ ಫ್ಯಾನಿನ ಅಂಗಡಿಯ ಮೂವರು ಹೌದೆಂದರು. ಹತ್ತೂವರೆಗೆ ಬಂದು ಹೋದದ್ದನ್ನು ಮೇಷ್ಟ್ರ ಪಕ್ಕದಂಗಡಿಯ ಟೈಲರ್ ನೋಡಿದ್ದ.

"ಒಳಗೇನಾದ್ರೂ ಮುಟ್ಟಿದ್ರಾ?"

"ಹೊಸಿಲಿಂದಲೇ ಓಡಿಬಂದೆ ಮೇಡಂ. ಏನೂ ಮುಟ್ಟಿಲ್ಲ."

ಉಳಿದವನು ಮೇಷ್ಟ್ರ ತಮ್ಮ. ಹನ್ನೊಂದರಿಂದ ಹಿಂದಿನ ಕೋಣೆಯಲ್ಲಿ ಹಲ್ಲು ಪಾಲಿಶ್ ಮಾಡುತ್ತಿದ್ದವನು ಅವನೊಬ್ಬನೇ. ಅಣ್ಣತಮ್ಮಂದಿರು ಮಾತು ಬಿಟ್ಟು ವಾರವಾಗಿತ್ತು. ಅವನನ್ನು ಠಾಣೆಗೆ ಕರೆದೊಯ್ದರು.

*

"ಹಿತ್ತಲ ಬಾಗಿಲಿಂದ ಬಂದೆ, ಮಿಷನ್ ಹಾಕಿದೆ. ಅದರ ಸದ್ದಲ್ಲಿ ಏನೂ ಕೇಳಲ್ಲ," ಎಂದ ತಮ್ಮ. "ಹೊಸ ಯಂತ್ರ ತರೋಣ ಅಂದೆ, ಅಣ್ಣ ಬೇಡ ಅಂದ. ಅಷ್ಟಕ್ಕೇ ಮುಖ ತಿರುಗಿಸಿಕೊಂಡಿದ್ವಿ. ಇಲ್ಲಾಂದ್ರೆ ಒಂದ್ಸಲನಾದ್ರೂ ಇಣುಕ್ತಿದ್ದೆ."

ಇನ್‌ಸ್ಪೆಕ್ಟರ್ ಕೈಗವಸು ಹಾಕಿಕೊಂಡು ಬಟ್ಟಲನ್ನು ಮೇಜಿನ ಮೇಲಿಟ್ಟರು. "ಇದು ಅಣ್ಣಂದೇ ತಾನೆ?"

ಹೌದೆಂದು ತಲೆಯಾಡಿಸಿದ. ಆಕೆ ರಬ್ಬರನ್ನು ಅದುಮಿದರು. ಪ್ಲಾಸ್ಟರಿನ ಗಡ್ಡೆ ಕಳಚಿ ಬಂತು. ಅದರ ಅಡಿಯಿಂದ ಒಣಪುಡಿ ಬುಸ್ಸೆಂದು ಸುರಿಯಿತು.

ತಮ್ಮ ಎದ್ದೇ ನಿಂತ. "ಇದನ್ನ ಅಣ್ಣ ಕಲಸಿಲ್ಲ!"

"ಹೇಗೆ ಹೇಳ್ತೀರಿ?"

"ಮೊದಲು ನೀರು ಮೇಡಂ. ಅದರ ಮೇಲೆ ಪುಡಿ ಉದುರಿಸ್ಬೇಕು. ತಪ್ಪಿದ್ರೆ ಅಣ್ಣ ಗೆಣ್ಣಿಗೆ ಬಾರಿಸ್ತಿದ್ದ. ಇದ್ಯಾರೋ ಪುಡಿ ಹಾಕಿ ಮೇಲಿಂದ ನೀರು ಹುಯ್ದಿದ್ದಾರೆ. ತಳಕ್ಕೆ ನೀರೇ ಇಳಿದಿಲ್ಲ." ಗಡ್ಡೆಯನ್ನು ಬಗ್ಗಿ ನೋಡಿ ಕೇಳಿದ. "ಮೇಜಿನ ಮೇಲೆ ಯಾರ ಬಾಯಿಯ ಅಚ್ಚಿತ್ತು?"

"ಯಾವುದೂ ಇರಲಿಲ್ಲ."

"ಅಚ್ಚೇ ಇಲ್ಲದೆ ಯಾವುದಕ್ಕೆ ಸುರಿಯೋಕೆ ಕಲಸ್ತಾರೆ? ಅಚ್ಚು ಮುಂದಿಟ್ಕೊಂಡೇ ನಾವು ಪುಡಿ ಡಬ್ಬ ತೆಗೆಯೋದು."

ಇನ್‌ಸ್ಪೆಕ್ಟರ್ ಮತ್ತೆ ಕೆಲಸದ ಕೋಣೆಗೆ ಹೋದರು. ಮೇಜಿನ ಮೇಲಿದ್ದ, ಪ್ಲಾಸ್ಟರ್ ಕಲಸುವ ಚಪ್ಪಟೆ ಅಲಗಿನ ಹಿಡಿಯನ್ನು ಬೆರಳಚ್ಚಿಗೆ ಕಳಿಸಿದರು. ಮೇಜಿನ ಡ್ರಾಯರ್ ಎಳೆದರು. ಕಾಗದದ ಪೊಟ್ಟಣದಲ್ಲಿ ಒಂದೇ ಒಂದು ಹಲ್ಲು. ಮೇಲೆ ಮೇಷ್ಟ್ರ ಅಕ್ಷರ: "ಮಗಳಿಗೆ. ಮೇಲಿನ ಮುಂದಲ ಹಲ್ಲು."

*

ಮರುದಿನ ಬೆಳಿಗ್ಗೆ ಅಳಿಯನ ಮನೆ. ಮೇಷ್ಟ್ರ ಮಗಳು ಗೋಡೆಗೊರಗಿ ಕೂತಿದ್ದಳು. ತುಟಿ ಊದಿತ್ತು.

"ಹಲ್ಲು ಹೇಗೆ ಮುರೀತಮ್ಮ?"

"ಬಚ್ಚಲಲ್ಲಿ ಜಾರಿದ್ಲು," ಎಂದ ಅಳಿಯ.

"ಕೇಳಿದ್ದು ಅವರನ್ನ."

ಅವಳು ಗಂಡನ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇನ್‌ಸ್ಪೆಕ್ಟರಿಗೆ ಅಷ್ಟು ಸಾಕಾಯಿತು. ಅಳಿಯನತ್ತ ತಿರುಗಿದರು.

"ಮಗಳ ಹಲ್ಲು ಮುರಿದದ್ದು ನೀವೇ ಅಂತ ಗೊತ್ತಾಗಿ ಹತ್ತೂವರೆಗೆ ಮಾವ ನಿಮ್ಮನ್ನ ಕರೆಸಿದ್ರು. ಮಗಳನ್ನ ಇನ್ನು ನಿಮ್ಮನೇಲಿ ಬಿಡಲ್ಲ ಅಂದ್ರು. ಅವರು ಬೆನ್ನು ತಿರುಗಿಸಿದಾಗ ಹೊಡೆದ್ರಿ. ಹೊರಗೆ ಟೈಲರ್ ನೋಡಿಬಿಟ್ಟ. ಅದನ್ನ ಅಳಿಸಕ್ಕಾಗಲ್ಲ. ಹಾಗಾಗಿ ಮಾವನ್ನ ಹನ್ನೆರಡರ ತನಕ ಬದುಕಿಸಬೇಕಿತ್ತು."

"ಏನೇನೋ ಹೇಳ್ಬೇಡಿ..."

"ಹನ್ನೆರಡಕ್ಕೆ ಬಂದು, ಹೆಣದ ಪಕ್ಕ ನಿಂತು ಪ್ಲಾಸ್ಟರ್ ಕಲಸಿ, ಆಮೇಲೆ ಕೂಗಿದ್ರಿ. ಕೆಲಸ ಬಲ್ಲ ತಮ್ಮ ಹಾಗೆ ಕಲಸಲ್ಲ. ಹೆಣವೊಂದನ್ನ ಬಿಟ್ರೆ ಆ ಹೊತ್ತಲ್ಲಿ ಆ ಕೋಣೇಲಿ ಇದ್ದದ್ದು ನೀವೊಬ್ರೇ. ಏನೂ ಮುಟ್ಟಿಲ್ಲ ಅಂದ್ರಲ್ಲ, ಅಲಗಿನ ಹಿಡಿ ಮೇಲೆ ನಿಮ್ಮ ಐದೂ ಬೆರಳಿವೆ."

ಅವನು ಬಾಗಿಲ ಕಡೆ ನೋಡಿದ. ಪೇದೆ ಅಲ್ಲೇ ನಿಂತಿದ್ದ. ಅಳಿಯನ ಭುಜ ಕುಸಿಯಿತು. "ಸ್ಟೇಷನ್‌ಗೆ ಹೋಗ್ತೀನಿ ಅಂದ್ರು. ನನ್ನ ಮಾನ..." ಎಂದ.

ಪೇದೆ ಅಳಿಯನನ್ನು ಜೀಪಿನಲ್ಲಿ ಕರೆದೊಯ್ದ ಮೇಲೆ, ಠಾಣೆಯಿಂದ ಬಿಟ್ಟಿದ್ದ ತಮ್ಮ ಬಂದು ಅಣ್ಣನ ಮಗಳ ಪಕ್ಕ ಕೂತ. ಅವಳು ಅಳುತ್ತಿರಲಿಲ್ಲ.

"ನಾಲ್ಕು ವರ್ಷ ಸುಮ್ನಿದ್ದೆ ಚಿಕ್ಕಪ್ಪ. ಮೊನ್ನೆ ಅಪ್ಪನ ಹತ್ರ ಬಾಯಿ ಬಿಟ್ಟೆ. ಬಿಡದೇ ಇದ್ದಿದ್ರೆ ಅಪ್ಪ ಇರ್ತಿದ್ರು."

ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಂಡು ಅವಳೆದುರು ಕೂತರು, ಪೆನ್ನಿನ ಮುಚ್ಚಳ ತೆಗೆದರು.

"ಆ ನಾಲ್ಕು ವರ್ಷದ್ದೂ ಹೇಳಿ," ಎಂದರು. "ಮೊದಲ ದಿನದಿಂದ."