ಬ್ಯಾನರಿನಲ್ಲಿದ್ದ ನಂಬರು

"ಹ್ವಾಯ್, ಆ ಡ್ರಮ್ಮಿನ ಮುಚ್ಚಳ ಮುಚ್ಚಿ! ಬಂದೋರೆಲ್ಲ ಮೂಗ್ ಮುಚ್ಕಂಡ್ ಓಡ್ತಿದ್ರ್!"

ಬ್ರಹ್ಮಾವರದ ಕೃಷಿ ಮೇಳದ ಉದ್ಘಾಟನಾ ಭಾಷಣ ಇನ್ನೂ ಮುಗಿದಿರಲಿಲ್ಲ, ತೃಷಾಳ ಜಗಳ ಆಗಲೇ ಶುರುವಾಗಿತ್ತು. ಅವಳ ಮೇಜಿನ ತುಂಬ ಗಾಣದ ತೆಂಗಿನೆಣ್ಣೆಯ ಬಾಟಲಿಗಳು. ಬಂದವರ ಕೈಮೇಲೆ ಒಂದು ಹನಿ ಬಿಟ್ಟು "ಉಜ್ಜಿ ಮೂಸಿ ಕಾಣಿ" ಅನ್ನುವುದೇ ಅವಳ ವ್ಯಾಪಾರದ ರೀತಿ. ಪಕ್ಕದ ಸ್ಟಾಲಿನಲ್ಲೋ ಮೀನಿನ ಗೊಬ್ಬರ. ಇನ್ನು ಮೂಸುವುದೇನು, ಮಣ್ಣು!

ಡ್ರಮ್ಮಿನ ಹಿಂದಿನಿಂದ ಒಬ್ಬ ಯುವಕ ಎದ್ದು ನಿಂತ. ಮುಚ್ಚಳ ಬಿಗಿದ. ಸಾಲದ್ದಕ್ಕೆ ಅದರ ಮೇಲೆ ತಾನೇ ಹತ್ತಿ ಕೂತ.

"ತಪ್ಪಾಯ್ತ್ ಮರಾಯ್ರೆ. ಈಗ ಸಾಕಾ? ಇಲ್ಲ, ನಂದೂ ವಾಸ್ನೆ ಬತ್ತಾ?"

ತೃಷಾ ನಗು ಬಾರದಂತೆ ತುಟಿ ಕಚ್ಚಿಕೊಂಡಳು. ಅವನು ಅದನ್ನು ನೋಡಿಬಿಟ್ಟ. ಅವನು ನೋಡಿದ್ದು ಅವಳಿಗೂ ಗೊತ್ತಾಯಿತು.

ಹೆಸರು ಜಿತೇಂದ್ರ, ಊರು ಗಂಗೊಳ್ಳಿ. ಮನೆಯವರೆಲ್ಲ ಮೀನಿನ ವ್ಯಾಪಾರಕ್ಕೆ ಹೋದರೆ ಇವನು ಮಾರಾಟವಾಗದೆ ಉಳಿದ ಮೀನನ್ನು ಗೊಬ್ಬರ ಮಾಡಲು ಹೊರಟವನು. ಆ ದಿನವಿಡೀ ಅವನು ಡ್ರಮ್ಮಿನಿಂದ ಇಳಿಯಲಿಲ್ಲ, ಗೊಬ್ಬರವನ್ನೂ ಮಾರಲಿಲ್ಲ.

ತೃಷಾಳಿಗೆ ಮಾತ್ರ ನಿರಾಳವಾಗಿ ನಗುವ ಹಾಗಿರಲಿಲ್ಲ. ಬಿಜೂರಿನ ಮನೆಯಿಂದ ಹೊರಡುವಾಗಲೇ ಅಣ್ಣ ರೋಹನ್ ಹೇಳಿದ್ದ: "ಸ್ಟಾಲ್ ಬಿಟ್ಟ್ ಕದಲ್ಬೇಡ. ಈ ಸಲವೂ ಒಬ್ಬ ಕಾಯಂ ಗಿರಾಕಿ ಸಿಕ್ದಿರೆ ಗಾಣ ಮಾರುದೇ. ನೀ ಮುಂಬೈಗ್ ಹೋಯ್ಕ್." ಮುಂಬೈ ಅಂದರೆ ಅಂಧೇರಿಯಲ್ಲಿ ಚಿಕ್ಕಪ್ಪನ ಹೋಟೆಲು. ಅಲ್ಲಿ ಗಲ್ಲಾದ ಹಿಂದೆ ಕೂರುವ ಕೆಲಸ.

ಹಿಂದಿನ ಮೇಳಗಳಲ್ಲೂ ಜನ ಎಣ್ಣೆಯನ್ನು ಹೊಗಳಿದ್ದರು. ಬ್ಯಾನರಿನ ಫೋಟೋ ತೆಗೆದುಕೊಂಡು "ಫೋನ್ ಮಾಡ್ತೆ" ಎಂದಿದ್ದರು. ಬ್ಯಾನರಿನಲ್ಲಿದ್ದದ್ದು ರೋಹನ್ನನ ನಂಬರು. "ಒಬ್ರೂ ಮಾಡ್ಲಿಲ್ಲೆ ಹೆಣೆ," ಎನ್ನುತ್ತಿದ್ದ ಅವನು ಪ್ರತಿ ಸಲ. ಅವಳು ನಂಬಿದ್ದಳು. ತನ್ನ ಎಣ್ಣೆಯಲ್ಲೇ ಏನೋ ಕೊರತೆ ಎಂದುಕೊಂಡು ಎಷ್ಟೋ ಸಲ ಅತ್ತಿದ್ದಳು.

ಮೂರು ಕಡೆ ಪ್ಲೈವುಡ್ಡು, ಮುಂದೆ ಮೇಜು. ದನದ ಹಟ್ಟಿಯಾದರೂ ಇದಕ್ಕಿಂತ ವಾಸಿ ಅನಿಸಿತು ಅವಳಿಗೆ. ಆ ಗೂಡಿನಿಂದ ಕಾಣುತ್ತಿದ್ದದ್ದು ಎದುರಿನ ಟಿಲ್ಲರ್ ಅಂಗಡಿ, ಮತ್ತೆ ಪಕ್ಕಕ್ಕೆ ತಿರುಗಿದರೆ ಡ್ರಮ್ಮಿನ ಮೇಲಿನ ಅವನು. ಅವಳು ಬೇಕಾದ್ದಕ್ಕಿಂತ ಹೆಚ್ಚೇ ಪಕ್ಕಕ್ಕೆ ತಿರುಗುತ್ತಿದ್ದಳು.

ಕೊನೆಯ ದಿನ ಮಧ್ಯಾಹ್ನ ಜಿತೇಂದ್ರನಿಗೇ ತಡೆಯಲಿಲ್ಲ.

"ಹೀಂಗೇ ಕೂಕಂಡ್ರೆ ಎಂತ ಬಂತ್? ಮೇಳಕ್ಕೆ ಬಪ್ಪುದ್ ಬಾಟ್ಲಿ ಮಾರುಕ್ ಮಾತ್ರ ಅಲ್ಲ, ಜನರ ಗುರ್ತ ಮಾಡ್ಕಂಬುಕೆ. ಆ ಬದಿಯಂಗ್ ಸೋಪ್ ಮಾಡುವರ ಸ್ಟಾಲ್ ಇತ್ತ್. ಹೋಯ್ ಮಾತಾಡಿ ಬನ್ನಿ. ಇಲ್ಲಿ ನಾ ಕೂಕಂತೆ."

"ಅಣ್ಣ ಬಂದ್ರೆ?"

"ಒಂದ್ ಹನಿ ತಲಿಗ್ ತಟ್ಟಿ ತಣ್ಣಗ್ ಮಾಡ್ತೆ."

ಅವಳು ಬಾಟಲಿ ಎತ್ತಿಕೊಂಡು ಹೊರಟಳು. ಕಳ್ಳತನಕ್ಕೆ ಹೊರಟವಳ ಹಾಗೆ ಹಿಂದೆ ಮುಂದೆ ನೋಡುತ್ತ ನಡೆದಳು.

ಸೋಪಿನ ಸ್ಟಾಲಿನಲ್ಲಿದ್ದವರು ತಲ್ಲೂರಿನ ಪ್ರಭಾವತಿ. ಎಣ್ಣೆ ಮೂಸಿದ್ದೇ ಕಣ್ಣರಳಿಸಿದರು. "ಬಿಜೂರಿನ ಗಾಣದ್ದಲ್ದಾ? ಹೋದ್ ವರ್ಷವೇ ಬೇಕಿತ್ತಲೆ ನಂಗೆ! ಬ್ಯಾನರಿನ ನಂಬ್ರಿಗ್ ಫೋನ್ ಮಾಡಿದೆ. ಯಾರೋ ಗಂಡ್ಸ್ ಎತ್ತಿ, ಗಾಣ ನಿಲ್ಸಿದ್ದೊ ಅಂದ್ರ್."

ಆ ಫೋನು ಎತ್ತುವವನು ಅಣ್ಣನೊಬ್ಬನೇ. ತೃಷಾ ಹೇಗೋ ಮಾತು ಮುಗಿಸಿದಳು. ಸೋಮವಾರ ಗಾಣ ನೋಡಲು ಬರುತ್ತೇನೆ, ಹೊಂದಿದರೆ ಪ್ರತಿ ತಿಂಗಳೂ ಎಣ್ಣೆ ತೆಗೆದುಕೊಳ್ಳುತ್ತೇನೆ ಎಂದರು ಪ್ರಭಾವತಿ.

ವಾಪಸು ಬಂದು ಅವಳು ಎಲ್ಲವನ್ನೂ ಹೇಳಿದಾಗ ಜಿತೇಂದ್ರ ತಲೆ ತಗ್ಗಿಸಿದ.

"ನಂಗೂ ಹಾಂಗೇ ಹೇಳಿರ್."

"ನಿಮ್ಗಾ? ನೀವ್ ಎಂತಕ್ ಫೋನ್ ಮಾಡಿದ್ರಿ?"

"ಹೋದ್ ವರ್ಷ ನೀವ್ ನನ್ ಕೈ ಮೇಲ್ ಎಣ್ಣಿ ಹನಿ ಬಿಟ್ರಿ. ನನ್ ಮುಖ ಕಾಣ್ಲಿಲ್ಲೆ ನೀವ್. ನಾ ಕಂಡೆ." ಅವನ ಕಿವಿ ಕೆಂಪಾಗಿತ್ತು. "ಎಣ್ಣಿ ನೆಪದಂಗ್ ಎಷ್ಟೋ ಸಲ ಮಾಡಿದೆ. ಪ್ರತಿ ಸಲವೂ ನಿಮ್ಮಣ್ಣನೇ ಎತ್ತುದ್. ಊರು ಮನೆ ಕೇಳಿದ್ ಮೇಲೆ ಗಾಣ ಇಲ್ಲ ಅಂದ್ರ್. ಮೀನಿನ ಮನಿಯವ ಅಂದೇಳಿ ನಂಗೊಬ್ಬನಿಗೇ ಹೇಳಿದ್ದ್ ಅಂದ್ಕಂಡಿದ್ದೆ. ಅದ್ಕೇ ಈ ಸಲ ನಿಮ್ಮ ಪಕ್ಕದ್ ಸ್ಟಾಲೇ ಬೇಕ್ ಅಂದ್ ಕೇಳಿ ತಕಂಡೆ."

"ಮೀನಿನ ಡ್ರಮ್ ತಂದ್ ನನ್ ವ್ಯಾಪಾರ ಹಾಳ್ ಮಾಡುಕಾ?"

"ಅದೊಂದ್ ಆಲೋಚ್ನೆ ಬರ್ಲಿಲ್ಲೆ ಕಾಣಿ."

ಅಳು ಒತ್ತಿ ಬರುತ್ತಿದ್ದರೂ ತೃಷಾ ನಕ್ಕಳು. ಆಮೇಲೆ ಸ್ಟೂಲು ಹತ್ತಿದಳು. ಅಣ್ಣನ ನಂಬರಿನ ಮೇಲೆ ಬಿಳಿ ಹಾಳೆ ಅಂಟಿಸಿ, ಮಾರ್ಕರಿನಿಂದ ತನ್ನ ನಂಬರು ಬರೆದಳು. ಅಕ್ಷರ ಸೊಟ್ಟಗಿತ್ತು, ಆದರೆ ದೂರದಿಂದಲೂ ಓದಬಹುದಾಗಿತ್ತು.

ಸಂಜೆ ರೋಹನ್ ಕಾರು ತಂದು ನಿಲ್ಲಿಸಿದವನೇ ಬ್ಯಾನರು ನೋಡಿದ.

"ಎಂತ ಹೆಣೆ ಇದ್? ನನ್ ನಂಬ್ರ್ ಎಲ್ಲಿ?"

"ಗಾಣ ನಿಲ್ಸಿದ್ದ್ ಯಾವಾಗ ಅಣ್ಣ?"

ಅವನ ಮುಖ ಬಿಳಿಚಿಕೊಂಡಿತು. "ನಿನ್ ಒಳ್ಳೇದಕ್ಕೇ ಮಾಡಿದ್ದ್. ಚಿಕ್ಕಪ್ಪ ಮುಂಬೈಯಂಗ್ ಸಂಬಂಧ ಕಂಡಿದ್ರ್. ಗಾಣ ನಡೀತಿದ್ರೆ ನೀ ಹೋಪವ್ಳಾ?" ದನಿ ತಗ್ಗಿಸಿದ. "ಜನ ಕಾಣ್ತಿದ್ರ್. ಹತ್ತ್ ಕಾರಿಗೆ."

ಇಷ್ಟು ವರ್ಷ ಅವನು ಹತ್ತು ಅಂದಾಗ ಹತ್ತಿದ ಕಾಲು. ಈಗಲೂ ಅಭ್ಯಾಸಬಲದಿಂದ ಮುಂದೆ ಸರಿಯಿತು. ಅವಳಿಗೆ ತನ್ನ ಕಾಲಿನ ಮೇಲೇ ಸಿಟ್ಟು ಬಂತು. ಅಷ್ಟರಲ್ಲಿ ಕೈಯಲ್ಲಿದ್ದ ಫೋನು ರಿಂಗಾಯಿತು. ಗೊತ್ತಿಲ್ಲದ ನಂಬರು.

"ಹಲೋ, ಬಿಜೂರಿನ ಗಾಣ ಈಗ್ಲೂ ನಡೀತಿತ್ತಾ?"

ಪಕ್ಕದ ಸ್ಟಾಲಿನಲ್ಲಿ ಜಿತೇಂದ್ರ ಬೆನ್ನು ತಿರುಗಿಸಿ, ಫೋನು ಕಿವಿಗಿಟ್ಟು ನಿಂತಿದ್ದ. ತೃಷಾ ಅಣ್ಣನ ಮುಖವನ್ನೇ ನೋಡುತ್ತ ಉತ್ತರಿಸಿದಳು.

"ಈಗ್ಲೂ ನಡೀತಿತ್ತ್. ಗಾಣ ಮಾರುದಿಲ್ಲೆ. ನಾ ಮುಂಬೈಗೂ ಹೋತಿಲ್ಲೆ."

"ಹಾಂಗಾರೆ ಒಂದ್ ಬಾಟ್ಲಿ ಎಣ್ಣಿ ಬೇಕಿತ್ತ್."

"ಇಲ್ಲಿ ಕೊಡ್ತಿಲ್ಲೆ. ಬಿಜೂರಿಗ್ ಬಂದ್ ತಕಂಡ್ ಹೋಯ್ಕ್. ಮುಂದಿನ ಬಾಗ್ಲಂಗೇ, ನಮ್ಮಣ್ಣನ ಎದ್ರಿಗೇ."

ಜಿತೇಂದ್ರ ಮೆಲ್ಲಗೆ ಕೇಳಿದ, "ಮೀನಿನ ವಾಸ್ನೆ ಬತ್ತಲ್ದಾ?"

"ಬರ್ಲಿ," ಎಂದಳು ತೃಷಾ. "ನಂಗ್ ರೂಢಿ ಆಯ್ತ್."