ಗುರುತಿನ ಚಿಹ್ನೆಗಳ ಕಾಲಂ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಗಣಿತದ ಮೇಷ್ಟ್ರು ಠಾಣೆಗೆ ಬಂದು, ಹೆಂಡತಿ ಶನಿವಾರದಿಂದ ಕಾಣೆಯಾಗಿದ್ದಾಳೆಂದು ದೂರು ಕೊಟ್ಟರು. ಬರೆದುಕೊಂಡವಳು ಹೆಡ್ ಕಾನ್‌ಸ್ಟೆಬಲ್. ಠಾಣೆಯಲ್ಲಿ ಎಲ್ಲರಿಗೂ ಅವಳು ದೊಡ್ಡಕ್ಕ. ಮೂವತ್ತು ವರ್ಷದ ನೌಕರಿಯಲ್ಲಿ ಅವಳ ಮಂಡಿಯೂ ಸವೆದಿತ್ತು, ಮನಸ್ಸೂ ಸವೆದಿತ್ತು.

"ಮನೇಲಿ ಜಗಳ?"

"ಒಂದು ದಿನಾನೂ ಇಲ್ಲ."

"ಗುರುತಿನ ಚಿಹ್ನೆ?"

"ಬಲ ಮೊಣಕೈ ಹತ್ರ ಸುಟ್ಟ ಕಲೆ, ಎರಡು ವರ್ಷದ್ದು. ಎಡಗೈ ಕಿರುಬೆರಳು ನೆಟ್ಟಗಾಗಲ್ಲ. ತಲೆ ಹಿಂದೆ, ಕೂದಲೊಳಗೆ ಒಂದೂವರೆ ಇಂಚು ಗಾಯ. ಜೂನ್ ಒಂಬತ್ತರದ್ದು."

ಹೆಂಡತಿಯ ಮಚ್ಚೆ ಎಡಗೆನ್ನೆಯದೋ ಬಲಗೆನ್ನೆಯದೋ ಎಂದು ತಡವರಿಸುವ ಗಂಡಂದಿರನ್ನೇ ಕಂಡಿದ್ದ ದೊಡ್ಡಕ್ಕ ಒಮ್ಮೆ ತಲೆಯೆತ್ತಿ ನೋಡಿದಳು. ಮೇಷ್ಟ್ರು ಎರಡು ಕಾಗುಣಿತದ ತಪ್ಪು ತಿದ್ದಿಸಿ ಸಹಿ ಹಾಕಿದರು.

"ಸಿಕ್ಕಿದ ಕೂಡ್ಲೆ ವಿಳಾಸ ಕೊಡಿ. ನಾನೇ ಹೋಗಿ ಕರ್ಕೊಂಡ್ ಬರ್ತೀನಿ."

ದೊಡ್ಡಕ್ಕ ದೂರನ್ನು ಫೈಲಿಗೆ ಸೇರಿಸಿದಳು. ನಾಲ್ಕು ವರ್ಷದ ಹಿಂದೆ ಇಂಥದೇ ದೂರಿನಲ್ಲಿ ಒಬ್ಬ ಗಂಡನಿಗೆ ವಿಳಾಸ ಬರೆದುಕೊಟ್ಟಿದ್ದಳು. ಮೂರನೆಯ ದಿನ ಆ ವಿಳಾಸಕ್ಕೆ ಹೆಂಡತಿಯ ಶವದ ಪಂಚನಾಮೆಗೆ ಹೋದವಳೂ ಅವಳೇ.

ಮಂಗಳವಾರ ಫೋನ್ ಕರೆಗಳ ಪಟ್ಟಿ ಬಂತು. ಹೆಂಡತಿಯ ಕೊನೆಯ ಕರೆ, ಶನಿವಾರ 11:40ಕ್ಕೆ, ಹೊಡೆತ ತಿಂದ ಹೆಂಗಸರಿಗೆ ಆಸರೆ ಕೊಡುವ ಸಂಸ್ಥೆಗೆ.

"ವಿಳಾಸ ತಗೊಂಡು ಫೈಲ್ ಮುಗ್ಸಿ, ದೊಡ್ಡಕ್ಕ. ಮೇಷ್ಟ್ರ ಪರವಾಗಿ ಮೇಲಿಂದ ಎರಡು ಸಲ ಫೋನ್ ಬಂತು," ಎಂದರು ಇನ್ಸ್‌ಪೆಕ್ಟರ್.

ಅವಳ ಜೊತೆ ಒಮ್ಮೆ ಮಾತಾಡಬೇಕು ಎಂದು ದೊಡ್ಡಕ್ಕ ಕೇಳಿದಾಗ ಸಂಸ್ಥೆಯ ಕಾರ್ಯಕರ್ತೆ ಜಗ್ಗಲಿಲ್ಲ. "ಇದ್ದಾರೆ ಅಂತಾನೂ ಹೇಳಲ್ಲ, ಇಲ್ಲ ಅಂತಾನೂ ಹೇಳಲ್ಲ. ನಿಮ್ಮ ಮಾತು ತಲುಪಿಸ್ತೀನಿ, ಅಷ್ಟೇ."

ಬುಧವಾರ ಮೂರು ಗಂಟೆಗೆ ಮೇಷ್ಟ್ರ ಹೆಂಡತಿ ಸಂಸ್ಥೆಯ ಕಚೇರಿಗೆ ತಾನಾಗಿಯೇ ಬಂದಳು. ಬಾಗಿಲು ಕಾಣುವ ಕುರ್ಚಿಯನ್ನೇ ಆರಿಸಿಕೊಂಡು ದೊಡ್ಡಕ್ಕನೆದುರು ಕೂತಳು.

"ನನ್ನ ಹತ್ರ ಸಾಕ್ಷಿ ಏನಿದೆ ಅಕ್ಕಾ? ಆಸ್ಪತ್ರೆ ಚೀಟಿ ಕೂಡ ಇಲ್ಲ. ಹೋಗೋಕೇ ಬಿಡ್ತಿರಲಿಲ್ಲ. ಅವರನ್ನ ಕಂಡ್ರೆ ಊರೇ ಕೈ ಮುಗಿಯತ್ತೆ."

"ನಡೆದದ್ದು ಹೇಳಮ್ಮ."

ಇಸ್ತ್ರಿಪೆಟ್ಟಿಗೆ. ಬಾಗಿಲ ಸಂದಿಗೆ ಸಿಕ್ಕಿಸಿದ ಬೆರಳು. ಜೂನ್ ಒಂಬತ್ತು, ಗೋಡೆ. ಬರೆಯುತ್ತಿದ್ದ ದೊಡ್ಡಕ್ಕನ ಪೆನ್ನು ನಿಂತಿತು. ಇದೇ ಮೂರು ಗಾಯಗಳನ್ನು ಅವಳು ಸೋಮವಾರವೇ ಗುರುತಿನ ಚಿಹ್ನೆಗಳ ಕಾಲಂನಲ್ಲಿ ಬರೆದಾಗಿತ್ತು.

"ಸಾಕ್ಷಿ ಇದೆಯಮ್ಮ," ಎಂದಳು. "ನಿನ್ನ ಗಂಡನೇ ತಂದ್ಕೊಟ್ಟಿದ್ದಾನೆ."

ಅಂದೇ ವೈದ್ಯಕೀಯ ಪರೀಕ್ಷೆಯಾಯಿತು. ಇನ್ಸ್‌ಪೆಕ್ಟರ್ ಗಂಡನ ದೂರನ್ನೂ ವೈದ್ಯರ ವರದಿಯನ್ನೂ ಅಕ್ಕಪಕ್ಕ ಇಟ್ಟು ಓದಿದರು. ಸಂಜೆ ಆರಕ್ಕೆ ಎಫ್‌ಐಆರ್. ಮೇಲಿನವರ ಮೂರನೆಯ ಫೋನನ್ನು ಅವರು ಎತ್ತಲಿಲ್ಲ.

ಗುರುವಾರ 11:20ಕ್ಕೆ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಬಂಧನ.

"ಯಾರು ನೋಡಿದ್ದಾರೆ?" ಎಂದರು ಮೇಷ್ಟ್ರು.

ದೊಡ್ಡಕ್ಕ ಅವರದೇ ದೂರನ್ನು ಮುಂದಿಟ್ಟಳು. "ಜಗಳಾನೇ ಇಲ್ದಿದ್ರೆ ತಾರೀಖು ಯಾಕೆ ನೆನಪಿಟ್ಟಿರಿ ಮೇಷ್ಟ್ರೇ?"

ಮೇಷ್ಟ್ರು ತಮ್ಮ ಸಹಿಯನ್ನು ನೋಡಿದರು. "ತಪ್ಪು ಮಾಡಿದ್ರೆ ತಿದ್ದಬೇಕಲ್ವಾ? ತಿದ್ದಿದ ದಿನ ನೆನಪಿರತ್ತೆ."

ಮೇಜಿನ ಮೇಲೆ ಮಕ್ಕಳ ಉತ್ತರಪತ್ರಿಕೆಗಳಿದ್ದವು, ಪುಟದ ತುಂಬ ಕೆಂಪು ಶಾಯಿ. ಆರೋಪಿ ತಾನು ಹೊಡೆದೆನೆಂದು ಒಮ್ಮೆಯೂ ಹೇಳುವುದಿಲ್ಲ, ತಿದ್ದಿದೆನೆಂದೇ ಹೇಳುತ್ತಾನೆ ಎಂದು ಜೊತೆಗೆ ಬಂದಿದ್ದ ಇನ್ಸ್‌ಪೆಕ್ಟರ್ ಡೈರಿಯಲ್ಲಿ ಬರೆದುಕೊಂಡರು.

ಠಾಣೆಗೆ ಮರಳಿ ದೊಡ್ಡಕ್ಕ ಕಾಣೆಯಾದವರ ಫೈಲ್ ಮುಗಿಸಿದಳು. ಪತ್ತೆಯಾಗಿದ್ದಾರೆ, ಕ್ಷೇಮ ಎಂದು ಬರೆದಳು. ಸದ್ಯದ ವಿಳಾಸ ಎಂಬ ಕಾಲಂ ಉಳಿದಿತ್ತು. ಅಲ್ಲೊಂದು ಅಡ್ಡಗೆರೆ ಎಳೆದು ಸಹಿ ಹಾಕಿದಳು.